ನಲವತ್ತು ಸಾವಿರ ಫೋಟೊ, ಒಂದು ಕಂಪ್ಯೂಟರ್: ಮನೆಯ ಚಿತ್ರರಾಶಿಯನ್ನು ಜೋಡಿಸಿಡುವುದು ಹೇಗೆ?

‘ಸ್ಟೋರೇಜ್ ತುಂಬಿದೆ’ ಎಂಬ ಸಂದೇಶ ಈಗ ಬೆಂಗಳೂರಿನ ಬಹುಪಾಲು ಮನೆಗಳಿಗೆ ಹಾಲಿನವನಷ್ಟೇ ಪರಿಚಿತ. ಗೂಗಲ್ ಫೋಟೊಸ್ ಮೊದಲು ಚಿತ್ರಗಳ ಗಾತ್ರವನ್ನು ಸ್ವಲ್ಪ ಕುಗ್ಗಿಸಿ ಎಷ್ಟು ಬೇಕಾದರೂ ಉಚಿತವಾಗಿ ಇಟ್ಟುಕೊಳ್ಳುತ್ತಿತ್ತು. 2021ರ ಜೂನ್ 1ರಿಂದ ಅದು ನಿಂತಿತು. ಅಂದಿನಿಂದ ಹೊಸ ಫೋಟೊಗಳೆಲ್ಲ 15 ಜಿಬಿ ಲೆಕ್ಕಕ್ಕೆ ಸೇರುತ್ತವೆ. ಆ 15 ಜಿಬಿಯಲ್ಲೇ ಇಮೇಲೂ ಇರಬೇಕು, ಡ್ರೈವಿನ ಕಡತಗಳೂ ಇರಬೇಕು. ತುಂಬಿದ ಮೇಲೆ ಫೋಟೊ ಮಾತ್ರವಲ್ಲ, ಹೊಸ ಇಮೇಲ್ ಬರುವುದೂ ನಿಲ್ಲುತ್ತದೆ. ಆಗ ಮನೆಯವರು ಮಾಡುವುದು ಎರಡರಲ್ಲಿ ಒಂದು: ತಿಂಗಳಿಗಿಷ್ಟು ಎಂದು ಹಣ ಕಟ್ಟುವುದು, ಇಲ್ಲವೇ ಎಲ್ಲವನ್ನೂ ಮನೆಯ ಕಂಪ್ಯೂಟರಿಗೆ ಇಳಿಸಿಕೊಳ್ಳುವುದು.

ಇಳಿಸಿಕೊಳ್ಳುವುದು ಸುಲಭ. ಆಮೇಲೆ ಹುಡುಕುವುದು ಕಷ್ಟ. ನಮ್ಮ ಬಸವನಗುಡಿಯ ಮನೆಯಲ್ಲಿ ಎರಡು ಹಳೆಯ ಫೋನು, ಒಂದು ಡಿಜಿಟಲ್ ಕ್ಯಾಮೆರಾ, ಮದುವೆಯವರು ಕೊಟ್ಟ ಸಿ.ಡಿ.ಗಳು, ಯಾರದೆಂದು ಗೊತ್ತಿಲ್ಲದ ಪೆನ್‌ಡ್ರೈವ್ ಎಲ್ಲವನ್ನೂ ಒಟ್ಟು ಹಾಕಿದಾಗ ನಲವತ್ತು ಸಾವಿರ ದಾಟಿತು. ‘ಹೊಸ ಫೋಲ್ಡರ್’, ‘ಹೊಸ ಫೋಲ್ಡರ್ 2’, ‘ಫೋನ್ ಫೋಟೊ ಎಲ್ಲ’, ‘ಫೋನ್ ಫೋಟೊ ಎಲ್ಲ ಕೊನೆಯದು’ ಎಂಬ ಹೆಸರುಗಳಡಿ ಎಲ್ಲವೂ ಇದ್ದವು. ಬೇಕಾದ ಒಂದು ಫೋಟೊ ಮಾತ್ರ ಕೈಗೆ ಸಿಗುತ್ತಿರಲಿಲ್ಲ.

ಇದನ್ನು ಬಿಡಿಸಲು ದುಬಾರಿ ಸಾಫ್ಟ್‌ವೇರ್ ಬೇಕಾಗಿಲ್ಲ. ಫೋಟೊ ಎನ್ನುವ ಕಡತದ ಒಳಗೆ ಏನಿರುತ್ತದೆ ಎಂಬುದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ. ಅಲ್ಲಿಂದಲೇ ಶುರು ಮಾಡೋಣ.

ಫೋಟೊದ ಒಳಗೊಂದು ಚೀಟಿ

ಹಿಂದೆ ಸ್ಟುಡಿಯೊದಲ್ಲಿ ತೆಗೆಸಿದ ಫೋಟೊದ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆಯುತ್ತಿದ್ದರು. ಡಿಜಿಟಲ್ ಫೋಟೊಗೂ ಅಂಥದೊಂದು ಬೆನ್ನಿದೆ, ನಮ್ಮ ಕಣ್ಣಿಗೆ ಬೀಳುವುದಿಲ್ಲ ಅಷ್ಟೆ. ಕ್ಯಾಮೆರಾ ಅಥವಾ ಫೋನು ಚಿತ್ರ ತೆಗೆದ ಗಳಿಗೆಯಲ್ಲೇ ಆ ಕಡತದ ಒಳಗೆ ಒಂದು ಚಿಕ್ಕ ಟಿಪ್ಪಣಿಯನ್ನೂ ಬರೆದಿಡುತ್ತದೆ. ತೆಗೆದ ದಿನ, ಗಂಟೆ, ನಿಮಿಷ, ಸೆಕೆಂಡು, ಕ್ಯಾಮೆರಾದ ಮಾದರಿ, ಫ್ಲಾಶ್ ಬೆಳಗಿತೋ ಇಲ್ಲವೋ ಎಂಬುದೆಲ್ಲ ಅದರಲ್ಲಿರುತ್ತದೆ. ಫೋನಿನಲ್ಲಿ ಲೊಕೇಶನ್ ಆನ್ ಇದ್ದರೆ ನಿಂತ ಜಾಗದ ಅಕ್ಷಾಂಶ ರೇಖಾಂಶಗಳೂ ಇರುತ್ತವೆ. ಈ ಟಿಪ್ಪಣಿಗೆ ಎಕ್ಸಿಫ್ ಎಂದು ಹೆಸರು. ಜಪಾನಿನ ಕೈಗಾರಿಕಾ ಸಂಘವೊಂದು 1995ರಲ್ಲಿ ಇದರ ಮಾದರಿಯನ್ನು ರೂಪಿಸಿತು. ಇಂದು ಹೆಚ್ಚುಕಡಿಮೆ ಎಲ್ಲ ಕಂಪನಿಗಳ ಕ್ಯಾಮೆರಾಗಳೂ ಅದನ್ನೇ ಪಾಲಿಸುತ್ತವೆ.

ವಿಂಡೋಸ್ ಕಂಪ್ಯೂಟರಿನಲ್ಲಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಡೀಟೇಲ್ಸ್ ಎಂದು ಹೋದರೆ ಈ ಚೀಟಿಯನ್ನು ಓದಬಹುದು. ಒಮ್ಮೆ ನೋಡಿಬಿಡಿ. ಮುಂದಿನ ಮಾತೆಲ್ಲ ಇದರ ಮೇಲೇ ನಿಂತಿದೆ.

ಒಂದೇ ಫೋಟೊಗೆ ಮೂರು ತಾರೀಕು

ಹೆಚ್ಚಿನವರು ಎಡವುವುದು ಇಲ್ಲಿ. ಕಂಪ್ಯೂಟರ್ ಒಂದು ಫೋಟೊಗೆ ಕನಿಷ್ಠ ಮೂರು ದಿನಾಂಕಗಳನ್ನು ತೋರಿಸುತ್ತದೆ: ಕಡತ ಸೃಷ್ಟಿಯಾದ ದಿನ, ಬದಲಾದ ದಿನ, ಫೋಟೊ ತೆಗೆದ ದಿನ. ಮೊದಲಿನ ಎರಡನ್ನು ಇಟ್ಟುಕೊಳ್ಳುವುದು ಕಂಪ್ಯೂಟರ್. ಮೂರನೆಯದನ್ನು ಬರೆದಿದ್ದು ಕ್ಯಾಮೆರಾ.

ಮನೆ ಬದಲಾಯಿಸಿದಾಗ ರೇಷನ್ ಕಾರ್ಡಿನಲ್ಲಿ ವಿಳಾಸ ಬದಲಾಗುತ್ತದೆ, ಹುಟ್ಟಿದ ದಿನ ಬದಲಾಗುವುದಿಲ್ಲ. ಇದೂ ಹಾಗೇ. 2014ರ ಫೋಟೊವನ್ನು ನೀವು ಇವತ್ತು ಹೊಸ ಡಿಸ್ಕಿಗೆ ಕಾಪಿ ಮಾಡಿದರೆ ವಿಂಡೋಸ್ ಲೆಕ್ಕದಲ್ಲಿ ಅದು ‘ಸೃಷ್ಟಿಯಾದದ್ದು’ ಇವತ್ತು. ಅದರ ಬೆಳಕು ಹೆಚ್ಚಿಸಿ ಸೇವ್ ಮಾಡಿದರೆ ‘ಬದಲಾದ’ ದಿನವೂ ಇವತ್ತೇ ಆಗುತ್ತದೆ. ಒಳಗಿನ ಎಕ್ಸಿಫ್ ಮಾತ್ರ 2014 ಎಂದೇ ಹೇಳುತ್ತಿರುತ್ತದೆ. ಆದ್ದರಿಂದ ಫೋಲ್ಡರಿನಲ್ಲಿ ಫೋಟೊಗಳನ್ನು ಸಾಲಾಗಿ ನಿಲ್ಲಿಸುವಾಗ ‘ಡೇಟ್ ಟೇಕನ್’ ಎಂಬುದನ್ನೇ ಆರಿಸಬೇಕು. ಇದೊಂದನ್ನು ಬದಲಿಸಿದ ಕೂಡಲೇ ಎಷ್ಟೋ ಜನರ ಗೊಂದಲ ಕಣ್ಣೆದುರೇ ಕರಗುತ್ತದೆ.

ಹಾಗೆಂದು ಎಕ್ಸಿಫ್ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಕ್ಯಾಮೆರಾದ ಗಡಿಯಾರ ತಪ್ಪಿದ್ದರೆ ಚೀಟಿಯೂ ತಪ್ಪೇ. ಹಳೆಯ ಕ್ಯಾಮೆರಾಗಳಲ್ಲಿ ಬ್ಯಾಟರಿ ತೆಗೆದು ತಿಂಗಳುಗಟ್ಟಲೆ ಬಿಟ್ಟರೆ ಗಡಿಯಾರ ಯಾವುದೋ ಹಿಂದಿನ ವರ್ಷದ ಜನವರಿ 1ಕ್ಕೆ ಹೋಗಿ ಕೂರುತ್ತದೆ. ನಿಮ್ಮ ಸಂಗ್ರಹದಲ್ಲಿ ಒಂದೇ ಹೊಸವರ್ಷದ ದಿನ ಗೃಹಪ್ರವೇಶವೂ ನಾಮಕರಣವೂ ಮೈಸೂರು ಪ್ರವಾಸವೂ ನಡೆದಂತಿದ್ದರೆ ಕಾರಣ ಇದೇ. ಇನ್ನೊಂದು, ಅಮೆರಿಕಕ್ಕೆ ಮಗಳ ಬಾಣಂತನಕ್ಕೆಂದು ಹೋದವರ ಕಥೆ. ಫೋನು ಅಲ್ಲಿಯ ಸಮಯಕ್ಕೆ ತಾನೇ ಹೊಂದಿಕೊಳ್ಳುತ್ತದೆ, ಕ್ಯಾಮೆರಾ ಇನ್ನೂ ಬೆಂಗಳೂರಿನ ಗಂಟೆಯಲ್ಲೇ ಇರುತ್ತದೆ. ನ್ಯೂಯಾರ್ಕಿನ ಕಡೆಯಾದರೆ ಋತುವಿಗೆ ತಕ್ಕಂತೆ ಒಂಬತ್ತೂವರೆ ಅಥವಾ ಹತ್ತೂವರೆ ಗಂಟೆಯ ವ್ಯತ್ಯಾಸ. ಎರಡರ ಫೋಟೊಗಳನ್ನು ಒಂದೇ ಫೋಲ್ಡರಿಗೆ ಹಾಕಿದರೆ ಮಗುವಿನ ತೊಟ್ಟಿಲಶಾಸ್ತ್ರದ ನಡುವೆ ರಾತ್ರಿ ಊಟ ಬಂದು ನಿಲ್ಲುತ್ತದೆ.

ಇಂಥವನ್ನು ಒಂದೊಂದಾಗಿ ತಿದ್ದಬೇಕಿಲ್ಲ. ಡಿಜಿಕ್ಯಾಮ್ ಎಂಬ ಉಚಿತ, ಮುಕ್ತ ತಂತ್ರಾಂಶದಲ್ಲಿ ಆ ಕ್ಯಾಮೆರಾದ ಫೋಟೊಗಳನ್ನೆಲ್ಲ ಆರಿಸಿ, ‘ಇಷ್ಟು ಗಂಟೆ ಹಿಂದಕ್ಕೆ’ ಎಂದರೆ ಒಟ್ಟಿಗೇ ಸರಿಯುತ್ತವೆ. ಇದು ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಕಮಾಂಡ್ ಬರೆಯಲು ಹಿಂಜರಿಯದವರಿಗೆ ಎಕ್ಸಿಫ್‌ಟೂಲ್ ಇದೆ; ಅದರ ಕೈಯಲ್ಲಿ ಆಗದ ತಿದ್ದುಪಡಿಯೇ ಇಲ್ಲ ಎನ್ನಬಹುದು. ಆದರೆ ಮನೆಮಂದಿಗೆ ಡಿಜಿಕ್ಯಾಮ್ ಸಾಕು.

ಮೊದಲು ಎಲ್ಲವೂ ಒಂದೇ ಕಡೆ

ಜೋಡಿಸುವ ಮುಂಚೆ ಗುಡ್ಡೆ ಹಾಕಬೇಕು. ಎಷ್ಟು ಜಾಗ ಬೇಕೆಂದು ಅಂದಾಜಿಸುವುದು ಕಷ್ಟವಲ್ಲ. 12 ಮೆಗಾಪಿಕ್ಸೆಲ್ಲಿನ ಒಂದು ಫೋನ್ ಫೋಟೊ ಸುಮಾರು 4 ಎಂಬಿ ಎಂದಿಟ್ಟುಕೊಳ್ಳಿ. ನಲವತ್ತು ಸಾವಿರಕ್ಕೆ 160 ಜಿಬಿ. ಜಾಗ ನುಂಗುವುದು ವಿಡಿಯೊ: ಗುಣಮಟ್ಟಕ್ಕೆ ತಕ್ಕಂತೆ ಒಂದು ನಿಮಿಷಕ್ಕೆ 60ರಿಂದ 400 ಎಂಬಿವರೆಗೂ ಹೋಗಬಹುದು. ಹೀಗಾಗಿ 1 ಟಿಬಿಯ ಡಿಸ್ಕು ಒಂದು ಕುಟುಂಬಕ್ಕೆ ಆರಂಭಕ್ಕೆ ಸಾಕು. ಎಸ್.ಪಿ. ರಸ್ತೆಯಿಂದ 1 ಟಿಬಿ ಡಿಸ್ಕು ತಂದು ಹಚ್ಚಿದಾಗ ವಿಂಡೋಸ್ 931 ಜಿಬಿ ಎಂದು ತೋರಿಸಿದರೆ ಅಂಗಡಿಯವನ ಮೇಲೆ ಅನುಮಾನ ಬೇಡ. ತಯಾರಿಸುವವರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ. ಸೇರು ಬೇರೆ, ಅಕ್ಕಿ ಅಷ್ಟೇ.

ಗುಡ್ಡೆ ಹಾಕುವಾಗ ಒಂದು ಅಪಾಯವಿದೆ. ಕ್ಯಾಮೆರಾಗಳು ಕಡತಕ್ಕೆ ಕೊಡುವ ಹೆಸರಿನಲ್ಲಿ ನಾಲ್ಕು ಅಂಕಿಗಳು ಮಾತ್ರ. ಐಎಂಜಿ 0001ರಿಂದ ಶುರುವಾಗಿ 9999 ಮುಟ್ಟಿದ ಮೇಲೆ ಮತ್ತೆ 0001. ಹಾಗಾಗಿ 2012ರ ತಿರುಪತಿ ಪ್ರವಾಸದಲ್ಲೂ 2017ರ ಶಾಲಾ ವಾರ್ಷಿಕೋತ್ಸವದಲ್ಲೂ ‘ಐಎಂಜಿ 0042’ ಎಂಬ ಬೇರೆ ಬೇರೆ ಫೋಟೊಗಳಿರುವುದು ಸಹಜ. ಎರಡನ್ನೂ ಒಂದೇ ಫೋಲ್ಡರಿಗೆ ಸುರಿದರೆ ಕಂಪ್ಯೂಟರ್ ‘ಹಳೆಯದರ ಜಾಗದಲ್ಲಿ ಹೊಸದನ್ನು ಹಾಕಲೇ?’ ಎಂದು ಕೇಳುತ್ತದೆ. ಬೇಸರದಲ್ಲಿ ‘ರಿಪ್ಲೇಸ್’ ಒತ್ತಿದರೆ ತಿರುಪತಿ ಹೋಯಿತು. ಆದ್ದರಿಂದ ಪ್ರತಿಯೊಂದು ಮೂಲಕ್ಕೂ ಅದರದೇ ಫೋಲ್ಡರ್ ಮಾಡಿ: ‘ಅಮ್ಮನ ಫೋನ್’, ‘ಹಳೇ ಕ್ಯಾಮೆರಾ’, ‘ಸಿ.ಡಿ. 1’. ಮತ್ತೊಂದು ಎಚ್ಚರ, ‘ಮೂವ್’ ಅಲ್ಲ, ‘ಕಾಪಿ’. ಕೆಲಸ ಪೂರ್ತಿ ಮುಗಿದು ಕಣ್ಣಾರೆ ನೋಡುವವರೆಗೆ ಮೂಲವನ್ನು ಅಳಿಸಬಾರದು.

ಕಾಪಿ ಮಾಡಿದರೆ ಫೋಟೊದ ಗುಣಮಟ್ಟ ಕುಂದುತ್ತದೆ ಎಂಬ ಭಯ ಕೆಲವರಿಗಿದೆ. ಜೆರಾಕ್ಸಿನ ಜೆರಾಕ್ಸು ಮಸುಕಾಗುವುದನ್ನು ನೋಡಿದವರಿಗೆ ಹಾಗನ್ನಿಸುವುದು ಸಹಜವೇ. ಡಿಜಿಟಲ್ ನಕಲು ಹಾಗಲ್ಲ, ಸಾವಿರ ಸಲ ಕಾಪಿ ಮಾಡಿದರೂ ಒಂದು ಚುಕ್ಕೆಯೂ ಬದಲಾಗುವುದಿಲ್ಲ. ಕುಂದುವುದು, ಜೆಪೆಗ್ ಎಂಬ ಸಾಮಾನ್ಯ ಬಗೆಯ ಕಡತದಲ್ಲಿರುವ ಫೋಟೊವನ್ನು ತೆರೆದು ತಿದ್ದಿ ಮತ್ತೆ ಮತ್ತೆ ಸೇವ್ ಮಾಡಿದಾಗ. ಜೆಪೆಗ್ ಪ್ರತಿ ಸಲವೂ ಕಣ್ಣಿಗೆ ಕಾಣದಷ್ಟು ವಿವರವನ್ನು ಬಿಟ್ಟುಕೊಟ್ಟು ಗಾತ್ರ ಕಡಿಮೆ ಮಾಡುತ್ತದೆ.

ಗೂಗಲ್‌ನಿಂದ ಇಳಿಸಿಕೊಳ್ಳುವವರು ‘ಟೇಕ್‌ಔಟ್’ ಎಂಬ ಸೌಲಭ್ಯ ಬಳಸುತ್ತಾರೆ. ಅದು ಕೊಡುವ ಜಿಪ್ ಕಡತಗಳಲ್ಲಿ ಫೋಟೊಗಳ ಜೊತೆಗೆ ‘ಜೆಸನ್’ ಎಂಬ ಪುಟ್ಟ ಕಡತಗಳು ಬರುತ್ತವೆ. ಕಸವೆಂದು ಎಸೆಯಬೇಡಿ. ಗೂಗಲ್ ಫೋಟೊಸ್ ಒಳಗೆ ನೀವು ತಾರೀಕು ತಿದ್ದಿದ್ದರೆ ಅಥವಾ ವಿವರ ಬರೆದಿದ್ದರೆ ಅದು ಇರುವುದು ಈ ಜೆಸನ್‌ನಲ್ಲೇ.

ವರ್ಷ ಮುಂದೆ, ದಿನ ಹಿಂದೆ

ಈಗ ಫೋಲ್ಡರುಗಳು. ‘ಅಜ್ಜಿ’, ‘ಮಕ್ಕಳು’, ‘ಹಬ್ಬ’, ‘ಪ್ರವಾಸ’ ಎಂದು ವಿಂಗಡಿಸಲು ಎಲ್ಲರಿಗೂ ಮನಸ್ಸಾಗುತ್ತದೆ. ಹತ್ತು ಫೋಟೊ ಹಾಕುವಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತೇವೆ. ದೊಡ್ಡಬಸವಣ್ಣನ ಗುಡಿಯ ಮುಂದಿನ ಕಡಲೆಕಾಯಿ ಪರಿಷೆಯಲ್ಲಿ ಅಜ್ಜಿ ಮೊಮ್ಮಗನಿಗೆ ಕಡಲೆಕಾಯಿ ಸುಲಿದು ಕೊಡುತ್ತಿರುವ ಫೋಟೊ ಅಜ್ಜಿಯ ಫೋಲ್ಡರಿಗೋ, ಮಕ್ಕಳದಕ್ಕೋ, ಹಬ್ಬದ್ದಕ್ಕೋ? ಅಡುಗೆಮನೆಯ ಡಬ್ಬಿಯಲ್ಲಿ ತೊಗರಿಬೇಳೆ ಒಂದೇ ಕಡೆ ಇರಬಲ್ಲದು. ಫೋಲ್ಡರಿನ ಸ್ವಭಾವವೂ ಅದೇ. ಒಂದು ಫೋಟೊಗೆ ಒಂದೇ ಡಬ್ಬಿ.

ಹಾಗಿದ್ದರೆ ಒಂದು ಫೋಟೊಗೆ ಖಂಡಿತವಾಗಿ ಒಂದೇ ಇರುವ ಸಂಗತಿ ಯಾವುದು? ತೆಗೆದ ದಿನ. ಡಬ್ಬಿಗೆ ಅದನ್ನೇ ಹೆಸರಾಗಿ ಇಡಬೇಕು.

ತಾರೀಕು ಬರೆಯುವ ಕ್ರಮ ಮಾತ್ರ ನಮ್ಮ ಚೆಕ್ಕಿನ ಕ್ರಮಕ್ಕೆ ತಿರುಗುಮುರುಗು. ಕಂಪ್ಯೂಟರ್ ಹೆಸರುಗಳನ್ನು ಎಡದಿಂದ ಓದಿ ಜೋಡಿಸುತ್ತದೆ. 01-11-2018, 01-11-2019, 02-03-2017 ಎಂದು ಇಟ್ಟರೆ ಎರಡು ವರ್ಷದ ರಾಜ್ಯೋತ್ಸವಗಳು ಮೊದಲು, ಅವಕ್ಕಿಂತ ಹಳೆಯ ಮಾರ್ಚ್ ಕೊನೆಗೆ ಬರುತ್ತದೆ. ವರ್ಷ, ತಿಂಗಳು, ದಿನ ಎಂದು ಬರೆದರೆ, ಅಂದರೆ 2017-03-02, 2018-11-01, 2019-11-01 ಎಂದಿಟ್ಟರೆ, ತಾವಾಗಿಯೇ ಕಾಲಕ್ರಮದಲ್ಲಿ ನಿಲ್ಲುತ್ತವೆ. ಐಎಸ್ಒ 8601 ಎಂಬ ಅಂತರರಾಷ್ಟ್ರೀಯ ಮಾನಕದ ಕ್ರಮವೂ ಇದೇ. ಒಂದಂಕಿಯ ತಿಂಗಳಿಗೆ ಮುಂದೆ ಸೊನ್ನೆ ಹಾಕುವುದನ್ನು ಮರೆಯಬೇಡಿ.

ವರ್ಷಕ್ಕೊಂದು ದೊಡ್ಡ ಫೋಲ್ಡರ್, ಅದರೊಳಗೆ ಸಂದರ್ಭಕ್ಕೊಂದು: ‘2023-08-15 ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ’. ತಾರೀಕಿನ ಪಕ್ಕ ಎರಡು ಮೂರು ಪದ ಸೇರಿಸುವುದು ಮುಖ್ಯ. ಏಕೆಂದರೆ ನಮ್ಮ ನೆನಪು ಇಂಗ್ಲಿಷ್ ಕ್ಯಾಲೆಂಡರಿನಲ್ಲಿ ಇರುವುದಿಲ್ಲ. ಪರಿಷೆ ನಡೆಯುವುದು ಕಾರ್ತಿಕ ಮಾಸದ ಕೊನೆಯ ಸೋಮವಾರ. ಅದು ಕೆಲವು ವರ್ಷ ನವೆಂಬರಿನಲ್ಲಿ, ಕೆಲವು ವರ್ಷ ಡಿಸೆಂಬರಿನಲ್ಲಿ ಬೀಳುತ್ತದೆ. ‘ಪರಿಷೆ’ ಎಂಬ ಪದ ಹೆಸರಿನಲ್ಲಿದ್ದರೆ ಆ ಪದ ಕೊಟ್ಟು ಹುಡುಕಬಹುದು. ಹೆಸರನ್ನು ಕನ್ನಡದಲ್ಲೇ ಬರೆಯಬಹುದು. ಯುನಿಕೋಡ್ ಬಂದಮೇಲೆ ಅದಕ್ಕೆ ಅಡ್ಡಿಯಿಲ್ಲ. ಆದರೆ ಒಂದು ಸಲ ‘ಗಣೇಶ’, ಇನ್ನೊಂದು ಸಲ ‘ಗೌರಿಗಣೇಶ’, ಮತ್ತೊಮ್ಮೆ ‘ಚೌತಿ’ ಎಂದು ಬರೆದರೆ ಹುಡುಕುವಾಗ ಪೇಚಾಟ.

ಸಂದರ್ಭವೇ ಇಲ್ಲದ ಫೋಟೊಗಳೇ ಹೆಚ್ಚು. ಬಾಲ್ಕನಿಯ ಗುಲಾಬಿ, ಮಳೆಗೆ ತುಂಬಿದ ರಸ್ತೆ, ಕರೆಂಟ್ ಬಿಲ್ಲು. ಅವಕ್ಕೆ ‘2023-08 ಇತರೆ’ ಎಂದು ತಿಂಗಳಿಗೊಂದು ಫೋಲ್ಡರ್ ಸಾಕು.

ಅಜ್ಜಿಯ ಫೋಟೊಗಳೆಲ್ಲ ಒಟ್ಟಿಗೆ ಬೇಕೆಂದರೆ?

ಅದಕ್ಕೆ ಟ್ಯಾಗ್, ಎಂದರೆ ಗುರುತುಚೀಟಿ. ಫೋಟೊ ಒಂದೇ ಡಬ್ಬಿಯಲ್ಲಿದ್ದರೂ ಅದಕ್ಕೆ ಎಷ್ಟು ಚೀಟಿ ಬೇಕಾದರೂ ಅಂಟಿಸಬಹುದು. ‘ಅಜ್ಜಿ’, ‘ಪರಿಷೆ’, ‘ಬಸವನಗುಡಿ’ ಎಂದು ಮೂರು ಅಂಟಿಸಿದರೆ ಮೂರರಲ್ಲಿ ಯಾವುದನ್ನು ಕೇಳಿದರೂ ಅದೇ ಫೋಟೊ ಬರುತ್ತದೆ. ಡಿಜಿಕ್ಯಾಮ್‌ನಂಥ ತಂತ್ರಾಂಶಗಳು ಮುಖಗಳನ್ನೂ ಗುರುತಿಸುತ್ತವೆ. ಕೆಲವು ಫೋಟೊಗಳಲ್ಲಿ ‘ಇವರು ಅಜ್ಜಿ’ ಎಂದು ನೀವು ಹೇಳಿಕೊಟ್ಟರೆ ಉಳಿದವುಗಳಲ್ಲಿ ಅದೇ ಊಹಿಸಿ ಕೇಳುತ್ತದೆ. ಅಕ್ಕತಂಗಿಯರನ್ನು, ಚಿಕ್ಕ ಮಕ್ಕಳನ್ನು ಆಗಾಗ ಅದಲುಬದಲು ಮಾಡುತ್ತದೆ. ಆಗ ಇಲ್ಲ ಎಂದರಾಯಿತು.

ಚೀಟಿ ಎಲ್ಲಿ ಅಂಟುತ್ತದೆ ಎಂಬುದನ್ನು ಮಾತ್ರ ಮೊದಲೇ ಕೇಳಬೇಕು. ಪಿಕಾಸಾ ನೆನಪಿದೆಯೇ? ಫೋಟೊ ಜೋಡಿಸಲು ನಮ್ಮಲ್ಲಿ ಎಷ್ಟೋ ಜನ ಮನೆಯ ಕಂಪ್ಯೂಟರಿನಲ್ಲಿ ಮೊದಲು ಬಳಸಿದ ತಂತ್ರಾಂಶ ಅದೇ. 2004ರಲ್ಲಿ ಗೂಗಲ್ ಅದನ್ನು ಕೊಂಡಿತು, 2016ರಲ್ಲಿ ನಿಲ್ಲಿಸಿತು. ಪಿಕಾಸಾ ಮುಖಗಳ ವಿವರವನ್ನು ಸಾಮಾನ್ಯವಾಗಿ ಫೋಟೊದೊಳಗೆ ಬರೆಯುತ್ತಿರಲಿಲ್ಲ, ಪಕ್ಕದಲ್ಲಿ ತನ್ನದೇ ಒಂದು ಅಡಗಿಸಿಟ್ಟ ಕಡತದಲ್ಲಿ ಇಡುತ್ತಿತ್ತು. ಒಳಗೇ ಬರೆಯುವ ಆಯ್ಕೆಯನ್ನು ಆನ್ ಮಾಡಿಕೊಂಡವರಿಗೆ ಹೆಸರುಗಳು ಉಳಿದವು. ಉಳಿದವರು ಹೊಸ ತಂತ್ರಾಂಶಕ್ಕೆ ಹೋದಾಗ ಹೆಸರುಗಳು ಜೊತೆಗೆ ಹೋಗಲಿಲ್ಲ. ಆದ್ದರಿಂದ ಯಾವ ತಂತ್ರಾಂಶ ಬಳಸಿದರೂ ಅದರ ಸೆಟ್ಟಿಂಗ್ಸ್‌ನಲ್ಲಿ ‘ಟ್ಯಾಗುಗಳನ್ನು ಫೋಟೊ ಕಡತದಲ್ಲೇ ಬರೆ’ ಎಂಬರ್ಥದ ಆಯ್ಕೆಯನ್ನು ಹುಡುಕಿ ಆನ್ ಮಾಡಿ. ಹಾಗೆ ಬರೆದದ್ದನ್ನು ನಾಳೆ ಬೇರೆ ತಂತ್ರಾಂಶವೂ ಓದಬಲ್ಲದು.

ನಲವತ್ತು ಸಾವಿರಕ್ಕೂ ಟ್ಯಾಗ್ ಹಾಕುತ್ತೇನೆಂದು ಹೊರಟವರು ಮುಗಿಸಿದ್ದನ್ನು ನಾನು ನೋಡಿಲ್ಲ. ವರ್ಷಕ್ಕೆ ನೂರು ಒಳ್ಳೆಯ ಫೋಟೊಗಳಿಗೆ ಹಾಕಿದರೂ ಬಹಳ.

ಒಂದೇ ಫೋಟೊ ಐದು ಸಲ

ನಕಲುಗಳಲ್ಲಿ ಎರಡು ಜಾತಿ. ಮೊದಲನೆಯದು ಅಕ್ಷರಶಃ ಒಂದೇ ಆಗಿರುವವು: ಫೋನಿನಿಂದ ಎರಡು ಸಲ ಕಾಪಿ ಮಾಡಿದ್ದು. ಇವನ್ನು ಹಿಡಿಯಲು ಕಂಪ್ಯೂಟರ್ ಪ್ರತಿ ಕಡತದಿಂದ ‘ಹ್ಯಾಶ್’ ಎಂಬ ಒಂದು ಉದ್ದದ ಸಂಕೇತವನ್ನು ಲೆಕ್ಕ ಹಾಕುತ್ತದೆ. ಹೆಬ್ಬೆಟ್ಟಿನ ಗುರುತಿದ್ದಂತೆ. ಎರಡು ಕಡತಗಳ ಹ್ಯಾಶ್ ಒಂದೇ ಆಗಿದ್ದರೆ, ಹೆಸರು ಏನೇ ಇರಲಿ, ಒಳಗಿರುವುದು ಒಂದೇ ಎಂದು ನಂಬಬಹುದು. ಒಂದನ್ನು ಧೈರ್ಯವಾಗಿ ಅಳಿಸಬಹುದು.

ಎರಡನೆಯ ಜಾತಿ ನೋಡಲು ಒಂದೇ ಥರ, ಒಳಗೆ ಬೇರೆ. ಮೂಲ ಫೋಟೊ ಒಂದು, ವಾಟ್ಸ್ಆ್ಯಪ್‌ನಲ್ಲಿ ಹೋಗಿ ಬಂದದ್ದು ಇನ್ನೊಂದು. ಅಥವಾ ಗುಂಪು ಫೋಟೊದಲ್ಲಿ ಯಾರೋ ಕಣ್ಣು ಮುಚ್ಚುತ್ತಾರೆಂದು ಒಂದರ ಹಿಂದೆ ಒಂದು ತೆಗೆದ ಆರು. ಇಲ್ಲಿ ಹ್ಯಾಶ್ ಕೆಲಸಕ್ಕೆ ಬರುವುದಿಲ್ಲ. ಒಂದು ಚುಕ್ಕೆ ಬದಲಾದರೂ ಅದು ಪೂರ್ತಿ ಬೇರೆಯಾಗುತ್ತದೆ. ಚಿತ್ರದ ಬೆಳಕು-ನೆರಳಿನ ಒಟ್ಟು ಹೋಲಿಕೆ ನೋಡುವ ಬೇರೆ ವಿಧಾನ ಬೇಕು. ಡೂಪ್‌ಗುರು ಎಂಬ ಉಚಿತ ತಂತ್ರಾಂಶ ಎರಡನ್ನೂ ಮಾಡುತ್ತದೆ. ಈ ಎರಡನೆಯ ಜಾತಿಯಲ್ಲಿ ‘ಎಲ್ಲ ಅಳಿಸು’ ಒತ್ತಬೇಡಿ. ಕಣ್ಣಿಂದ ನೋಡಿ, ದೊಡ್ಡ ಗಾತ್ರದ್ದನ್ನು ಉಳಿಸಿಕೊಳ್ಳಿ.

ವಾಟ್ಸ್ಆ್ಯಪ್ ಎಂಬ ಸೋಸುಬಟ್ಟೆ

ವಾಟ್ಸ್ಆ್ಯಪ್‌ನಲ್ಲಿ ಫೋಟೊ ಕಳಿಸಿದಾಗ ಅದು ಗಾತ್ರವನ್ನು ಕುಗ್ಗಿಸುತ್ತದೆ, ಒಳಗಿನ ಎಕ್ಸಿಫ್ ಚೀಟಿಯನ್ನೂ ಕಿತ್ತುಹಾಕುತ್ತದೆ. ನಿಮ್ಮ ಮನೆಯ ಅಕ್ಷಾಂಶ ಅಪರಿಚಿತರ ಗುಂಪಿಗೆ ಹೋಗದಿರುವುದು ಅದರ ಲಾಭ. ತೆಗೆದ ದಿನ ಹೋಗುವುದು ನಷ್ಟ. ಆಂಡ್ರಾಯ್ಡ್ ಫೋನಿನಲ್ಲಿ ಇಂಥ ಕಡತದ ಹೆಸರು ‘ಐಎಂಜಿ-20190412-ಡಬ್ಲ್ಯೂಎ0003’ ಎಂಬಂತಿರುತ್ತದೆ. ನಡುವಿನ ಅಂಕಿ ಫೋಟೊ ನಿಮಗೆ ತಲುಪಿದ ದಿನ, ತೆಗೆದ ದಿನವಲ್ಲ. ಚಿಕ್ಕಪ್ಪ 1988ರ ಮದುವೆಯ ಫೋಟೊವನ್ನು 2019ರಲ್ಲಿ ಕಳಿಸಿದರೆ ಅದು 2019ರದ್ದೇ.

ಹೆಸರಿನಲ್ಲಿ ‘ಡಬ್ಲ್ಯೂಎ’ ಇರುವುದನ್ನೆಲ್ಲ ಹುಡುಕಿ ಒಂದು ಬೇರೆ ಫೋಲ್ಡರಿಗೆ ಹಾಕಿ. ಶುಭೋದಯದ ಹೂಗಳು, ಸಂಕಷ್ಟಿಯ ಗಣಪ, ಅಪಾರ್ಟ್‌ಮೆಂಟಿನ ನೀರಿನ ಟ್ಯಾಂಕರ್ ಸೂಚನೆ ಎಲ್ಲ ಅಲ್ಲೇ ಸಿಗುತ್ತವೆ. ನಿಜವಾದ ನೆಂಟರ ಫೋಟೊಗಳನ್ನು ಆರಿಸಿಕೊಂಡು ಉಳಿದದ್ದನ್ನು ಬಿಡಬಹುದು. ಇನ್ನು ಮುಂದೆ ಮುಖ್ಯ ಫೋಟೊ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್ ಆಗಿ ಕಳಿಸಿ’ ಎನ್ನಿ. ಹಾಗೆ ಬಂದದ್ದು ಕುಗ್ಗುವುದಿಲ್ಲ, ಚೀಟಿಯೂ ಉಳಿಯುತ್ತದೆ.

ಒಂದು ಡಿಸ್ಕು ಬ್ಯಾಕಪ್ ಅಲ್ಲ

ನಾವು ವಾರಗಟ್ಟಲೆ ಕೂತು ಜೋಡಿಸಿದ ಮೊದಲ ಹಾರ್ಡ್ ಡಿಸ್ಕು ಮೇಜಿನಿಂದ ಬಿತ್ತು. ಬೀಳಿಸಿದ್ದು ನಾನೇ. ಸಾಂಪ್ರದಾಯಿಕ ಹಾರ್ಡ್ ಡಿಸ್ಕಿನೊಳಗೆ ತಟ್ಟೆಗಳು ತಿರುಗುತ್ತಿರುತ್ತವೆ, ಕೂದಲೆಳೆಗಿಂತ ಕಡಿಮೆ ಅಂತರದಲ್ಲಿ ಓದುವ ಮುಳ್ಳು ಆಡುತ್ತಿರುತ್ತದೆ. ಓಡುತ್ತಿರುವಾಗ ಬಿದ್ದರೆ ಅದು ಉಳಿಯುವುದು ಕಷ್ಟ. ಮೂಲಗಳನ್ನು ಅಳಿಸಿರಲಿಲ್ಲವಾದ್ದರಿಂದ ಕಳೆದದ್ದು ಶ್ರಮ ಮಾತ್ರ.

ಛಾಯಾಗ್ರಾಹಕರು ಪಾಲಿಸುವ ಸೂತ್ರ 3-2-1. ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಒಂದು ಮನೆಯಿಂದ ಹೊರಗೆ. ಮನೆಯಲ್ಲಿ ಇದು ಹೀಗೆ: ಕಂಪ್ಯೂಟರಿನಲ್ಲಿ ಒಂದು, ಬೀರುವಿನಲ್ಲಿಟ್ಟ ಡಿಸ್ಕಿನಲ್ಲಿ ಒಂದು, ತಮ್ಮನ ಮನೆಯಲ್ಲೋ ಆನ್‌ಲೈನಿನಲ್ಲೋ ಮತ್ತೊಂದು. ಬೀರುವಿನ ಡಿಸ್ಕನ್ನು ಕಾಪಿ ಆದ ಕೂಡಲೇ ಬಿಚ್ಚಿಡಬೇಕು. ಸದಾ ಚುಚ್ಚಿಕೊಂಡೇ ಇದ್ದರೆ ಸಿಡಿಲು, ವೈರಸ್ಸು ಎರಡೂ ಒಟ್ಟಿಗೆ ಎರಡು ಪ್ರತಿಗಳನ್ನು ತಿನ್ನಬಹುದು.

ಫೋನು ತಾನಾಗಿ ಆನ್‌ಲೈನಿಗೆ ಏರಿಸುತ್ತಿದೆಯಲ್ಲ, ಅದು ಬ್ಯಾಕಪ್ ಅಲ್ಲವೇ ಎಂದು ಹಲವರು ಕೇಳುತ್ತಾರೆ. ಬಹಳಷ್ಟು ಸಲ ಅದು ‘ಸಿಂಕ್’: ಎರಡೂ ಕಡೆ ಒಂದೇ ಸ್ಥಿತಿ ಇರುವಂತೆ ನೋಡಿಕೊಳ್ಳುವುದು. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ. ಕನ್ನಡಿಯಲ್ಲಿ ಇನ್ನೊಂದು ಮುಖ ಕಂಡರೂ ಅದು ಇನ್ನೊಬ್ಬ ಮನುಷ್ಯನಲ್ಲ.

ಟ್ರಂಕಿನಲ್ಲಿರುವ ಕಾಗದದ ಫೋಟೊಗಳು

ಅಟ್ಟದ ಟ್ರಂಕಿನಿಂದ ಹಳೆಯ ಆಲ್ಬಮ್ ಇಳಿಸಿ ಸ್ಕ್ಯಾನ್ ಮಾಡುವವರಿಗೆ ಕೊನೆಯ ಮಾತು. ಚಿಕ್ಕ ಫೋಟೊಗಳಿಗೆ ಇಂಚಿಗೆ 600 ಚುಕ್ಕೆಗಳ ಅಳತೆ ಇಟ್ಟುಕೊಳ್ಳಿ, ದೊಡ್ಡದು ಮಾಡಿ ಮುದ್ರಿಸಿದರೂ ಒಡೆಯುವುದಿಲ್ಲ. ಸ್ಕ್ಯಾನರಿಗೆ ಗೊತ್ತಿರುವುದು ಸ್ಕ್ಯಾನ್ ಮಾಡಿದ ದಿನ ಮಾತ್ರ. ಫೋಟೊ 1974ರದ್ದಾದರೆ ‘ತೆಗೆದ ದಿನ’ವನ್ನು ಕೈಯಾರೆ ಹಾಕಬೇಕು. ದಿನ ಗೊತ್ತಿಲ್ಲದಿದ್ದರೆ 1974ರ ಜನವರಿ 1 ಎಂದು ಹಾಕಿ, ಫೋಲ್ಡರಿನ ಹೆಸರಿನಲ್ಲಿ ‘1974 ಅಂದಾಜು’ ಎಂದು ಬರೆದರಾಯಿತು. ಬೆನ್ನಿನಲ್ಲಿ ಬರಹವಿದ್ದರೆ ಬೆನ್ನನ್ನೂ ಸ್ಕ್ಯಾನ್ ಮಾಡಿ.

ಸ್ಕ್ಯಾನಿಂಗ್ ಯಾವಾಗ ಬೇಕಾದರೂ ಆಗುತ್ತದೆ, ಹೆಸರುಗಳು ಹಾಗಲ್ಲ. ನಮ್ಮ ಆಲ್ಬಮ್ಮಿನಲ್ಲಿ ಗಾಂಧಿ ಬಜಾರಿನ ಯಾವುದೋ ಮಹಡಿಯ ಮೇಲೆ ನಿಂತ ಒಂಬತ್ತು ಜನರ ಫೋಟೊ ಇದೆ. ಎಂಟು ಜನ ಯಾರೆಂದು ಅಜ್ಜಿ ಹೇಳಿದರು. ಎಡದಿಂದ ಮೂರನೆಯ, ಕೈಯಲ್ಲಿ ಕೊಡೆ ಹಿಡಿದವರ ಹೆಸರು ಅವರಿಗೆ ಬಾಯಿತುದಿಗೆ ಬಂದು ನಿಂತಿತು. ಮರುದಿನ ಬೆಳಿಗ್ಗೆ ಕಾಫಿ ಕುಡಿಯುತ್ತಾ ಹೇಳಿಬಿಟ್ಟರು, ‘ಅಯ್ಯೋ, ಅವನು ನಮ್ಮ ಹಾಲಿನ ಸುಬ್ಬಣ್ಣ ಕಣೋ.’ ಟ್ಯಾಗ್ ಹಾಗೇ ಹಾಕಿದ್ದೇವೆ, ‘ಹಾಲಿನ ಸುಬ್ಬಣ್ಣ’ ಎಂದು.